ಗಾಜಿನ ತೊಟ್ಟಿಗೆ ಸ್ಫೂರ್ತಿ ಕೆಜಿಗೆಷ್ಟು?

ನಿಜ ಹೇಳಿ, ನಿನ್ನೆ ರಾತ್ರಿ ಮನೇಲಿ ಎಲ್ಲಾ ಮಲಗಿದ ಮೇಲೆ ಮೊಬೈಲಲ್ಲಿ ಅಷ್ಟು ತನ್ಮಯರಾಗಿ ಏನು ನೋಡ್ತಿದ್ರಿ? ಹೆಂಡತಿ (ಅಥವಾ ಗಂಡ, ನನಗೇನು ಗೊತ್ತು) ಅನುಮಾನದಿಂದ ಇಣುಕಿದ್ರೆ ಕಂಡದ್ದು ಒಂದು ಕಾಡು. ಹಸಿರು ಗುಡ್ಡ, ನಡುವೆ ಬಿಳೀ ಮರಳಿನ ದಾರಿ, ಮರದ ಮೇಲೆ ಹಾರೋ ಹಕ್ಕಿಗಳ ಹಿಂಡು. ಹಕ್ಕಿಯಲ್ಲ ಸ್ವಾಮಿ, ಮೀನು! ಆ ಇಡೀ ಕಾಡು ಇರೋದು ಮೂರಡಿ ಗಾಜಿನ ತೊಟ್ಟಿಯೊಳಗೆ, ನೀರಲ್ಲಿ.

ಗೊತ್ತಾಯ್ತು ಬಿಡಿ, ನಿಮಗೂ ಅಂಟಿದೆ. ಇದಕ್ಕೆ ಅಕ್ವಾಸ್ಕೇಪಿಂಗ್ ಅಂತಾರೆ. ನೀರೊಳಗೆ ತೋಟ ಕಟ್ಟೋ ಕಸುಬು. ಮೀನುಗಳು ಬರೀ ಬಾಡಿಗೆದಾರರು. ಅದಕ್ಕೊಂದು ಸ್ಪರ್ಧೆ, ಸ್ಪರ್ಧೆಗೆ ತೀರ್ಪುಗಾರರು, ರ‍್ಯಾಂಕು, ಬಹುಮಾನ, ಕೊನೆಗೆ "ಈ ಸಲ ಅನ್ಯಾಯ ಆಯ್ತು" ಅನ್ನೋ ಗೊಣಗಾಟ. ಏನೇನಿರಬೇಕೋ ಎಲ್ಲಾ ಇದೆ.

ನಿಮ್ಮ ತೊಟ್ಟಿ ಮಾತ್ರ ಹಾಲ್‌ನ ಮೂಲೇಲಿ ಖಾಲಿ ಕೂತಿದೆ. ಯಾಕ್ರೀ ಅಂದ್ರೆ "ಸ್ಫೂರ್ತಿ ಬರ್ತಿಲ್ಲ" ಅಂತೀರಿ. ಲೈಟ್ ಬಂತು. ಫಿಲ್ಟರ್ ಬಂತು. ಗಿಡಗಳಿಗೆ ಅಂತ ಸಿಒಟು ಸಿಲಿಂಡರ್ ಬಂತು (ನಿಮ್ಮತ್ತೆ "ಇನ್ನೊಂದು ಗ್ಯಾಸ್ ಕನೆಕ್ಷನ್ನಾ?" ಅಂತ ಹಿಗ್ಗಿದ್ದೂ ಆಯ್ತು). ಉದ್ದದ ಕತ್ತರಿ, ಬಾಗಿದ ಚಿಮಟ, ಎಲ್ಲಾ ಕೊರಿಯರ್‌ನಲ್ಲಿ ಬಂತು. ಸ್ಫೂರ್ತಿ ಒಂದು ಮಾತ್ರ ಸ್ಟಾಕ್ ಇಲ್ಲ.

ಅದಕ್ಕೇ ಅಂಗಡಿಗೆ ಹೋಗಿ ಕಲ್ಲು ತಂದ್ರಿ. ಕೆಜಿ ಲೆಕ್ಕದಲ್ಲಿ! ದಖ್ಖನ್ ಪ್ರಸ್ಥಭೂಮಿ ಮೇಲೆ ಹುಟ್ಟಿ, ಬಂಡೆ ಮೇಲೆ ಬಟ್ಟೆ ಒಗೆದು, ಬಂಡೆ ಒಡೆದು ಮನೆ ಕಟ್ಟಿದ ವಂಶದಲ್ಲಿ, ತಕ್ಕಡಿಗೆ ಹಾಕಿಸಿ ಕಲ್ಲು ಕೊಂಡ ಮೊದಲಿಗರು ನೀವೇ ಇರಬೇಕು. ಅದೂ "ಸೆರ್ಯು" ಅನ್ನೋ ಜಪಾನಿ ಹೆಸರಿತ್ತು ಅಂತ ಚೌಕಾಸಿ ಕೂಡಾ ಮಾಡಲಿಲ್ಲ. ಹೌದೋ ಅಲ್ವೋ?

ಸರಿ, ಈ ಹುಚ್ಚು ಹಿಡಿಸಿದ ಮಹಾಶಯರ ಕತೆ ಕೇಳಿ. ಹೆಸರು ತಕಾಶಿ ಅಮಾನೊ. 1954ರಲ್ಲಿ ಜಪಾನಿನ ನೀಗಾತಾದಲ್ಲಿ ಹುಟ್ಟಿದೋರು. ಕಸುಬು ಏನು ಹೇಳಿ ನೋಡೋಣ? ಸಸ್ಯಶಾಸ್ತ್ರ? ಅಲ್ಲ. ಚಿತ್ರಕಲೆ? ಅಲ್ಲ. ಸೈಕಲ್ ರೇಸು! ಕೇರಿನ್ ಅಂತ ಅಲ್ಲಿ ಒಂದು ರೇಸಿದೆ, ಜನ ದುಡ್ಡು ಕಟ್ಟಿ ಆಡೋದು. ಅದರಲ್ಲಿ ವರ್ಷಗಟ್ಟಲೆ ಪೆಡಲ್ ತುಳಿದ ಮನುಷ್ಯ.

ತುಳಿದು ದುಡಿದದ್ದೆಲ್ಲಾ ತೊಟ್ಟಿಗೂ ಕ್ಯಾಮೆರಾಕ್ಕೂ ಸುರಿದರು. (ಮನೆಯೋರು ಏನಂದಿರಬಹುದು ಅಂತ ನಿಮಗೆ ಅನುಭವದಿಂದಲೇ ಗೊತ್ತು.) 1982ರಲ್ಲಿ ಅಕ್ವಾ ಡಿಸೈನ್ ಅಮಾನೊ ಅನ್ನೋ ಕಂಪನಿ ಕಟ್ಟಿದರು. ತೊಟ್ಟಿಯ ಪಾಚಿ ತಿನ್ನಿಸೋಕೆ ಒಂದು ಪುಟಾಣಿ ಸೀಗಡಿಯನ್ನ ಕೆಲಸಕ್ಕೆ ಹಚ್ಚಿದ್ದೂ ಇವರೇ. ಇವತ್ತಿಗೂ ಅಂಗಡೀಲಿ ಅದಕ್ಕೆ ಅಮಾನೊ ಸೀಗಡಿ ಅಂತಲೇ ಹೆಸರು.

ಈಗ ಮುಖ್ಯ ಗುಟ್ಟಿಗೆ ಬರ್ತೀನಿ, ಹತ್ತಿರ ಬನ್ನಿ. ಇವರು ಸ್ಫೂರ್ತಿಗೆ ಅಂತ ಬೇರೆಯೋರ ತೊಟ್ಟಿ ನೋಡ್ತಾ ಕೂರಲಿಲ್ಲ. ಅಮೆಜಾನ್, ಬೋರ್ನಿಯೊ, ಪಶ್ಚಿಮ ಆಫ್ರಿಕಾದ ಕಾಡು ಸುತ್ತಿದರು. ತಮ್ಮೂರಿನೆದುರಿನ ಸಾದೊ ದ್ವೀಪದ ಮುದಿ ದೇವದಾರುಗಳ ನಡುವೆ ಅಲೆದರು. ಕೈಯಲ್ಲಿ ದೊಡ್ಡ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾ, ಒಂದೊಂದು ಫಿಲ್ಮ್ ಹಾಳೆಯೇ ಎಂಟಿಂಚು ಹತ್ತಿಂಚು.

ಅಂಥ ಕ್ಯಾಮೆರಾದಲ್ಲಿ ಬುರ್ರಂತ ಇನ್ನೂರು ಫೋಟೋ ಹೊಡೆಯೋಕೆ ಆಗುತ್ತಾ? ಮುಕ್ಕಾಲಿ ನಿಲ್ಲಿಸಿ, ಕರೀ ಬಟ್ಟೆ ಹೊದ್ದು, ಬೆಳಕು ಕಾದು, ಒಂದೇ ಒಂದು ಕ್ಲಿಕ್. ಅಷ್ಟು ಹೊತ್ತು ಬೇರೇನು ಮಾಡೋಕೆ ಸಾಧ್ಯ? ನೋಡಲೇಬೇಕು. ಯಾವ ಬೇರು ಎಲ್ಲಿ ತಿರುಗಿದೆ, ಯಾವ ಬಂಡೆಯ ಯಾವ ಮಗ್ಗುಲಿಗೆ ಹಾವಸೆ ಹತ್ತಿದೆ. ನೀವೋ? ಜೋಗದ ಮುಂದೆ ನಿಂತು ಜೋಗಕ್ಕೇ ಬೆನ್ನು ಹಾಕಿ ಸೆಲ್ಫಿ ತೆಗೆದೋರು.

2015ರಲ್ಲಿ ಪೋರ್ಚುಗಲ್‌ನ ಲಿಸ್ಬನ್ ಓಶಿಯಾನಾರಿಯೊದಲ್ಲಿ ಅವರ ಕೊನೆಯ ದೊಡ್ಡ ತೊಟ್ಟಿ ತೆರೆಯಿತು. ನಲವತ್ತು ಮೀಟರ್ ಉದ್ದ, 1,60,000 ಲೀಟರ್ ನೀರು. (ವಾರಕ್ಕೊಮ್ಮೆ ಎರಡು ಬಕೆಟ್ ನೀರು ಬದಲಾಯಿಸೋಕೆ ಸೊಂಟ ನೋವು ಅಂತೀರಲ್ಲ, ನಿಮಗೇ ಹೇಳಿದ್ದು.) ಅದೇ ವರ್ಷ ಆಗಸ್ಟ್‌ನಲ್ಲಿ ಅಮಾನೊ ತೀರಿಕೊಂಡರು.

ಅವರ ಕಂಪನಿ 2001ರಲ್ಲಿ ಶುರು ಮಾಡಿದ ಸ್ಪರ್ಧೆಯೇ ಐಎಪಿಎಲ್‌ಸಿ. ನಿಮ್ಮ ರಾತ್ರಿ ನಿದ್ದೆ ಕೆಡಿಸ್ತಿರೋದು ಅದರ ಫೋಟೋಗಳೇ. ಮೊದಲ ಬಹುಮಾನ ಹತ್ತು ಲಕ್ಷ ಯೆನ್. ಏನು, ಆಗಲೇ ಕ್ಯಾಲ್ಕುಲೇಟರ್ ತೆಗೆದ್ರಾ? ಐದಾರು ಲಕ್ಷ ರೂಪಾಯಿ ಅಂದುಕೊಳ್ಳಿ. ಮೊದಲು ಇಲ್ಲೀತನಕ ಖರ್ಚು ಮಾಡಿದ್ದನ್ನ ಅದರಿಂದ ಕಳೀರಿ. ಬೇಡ ಬಿಡಿ, ಕಳೀಬೇಡಿ.

ಇದರ ಮಜಾ ಏನು ಗೊತ್ತಾ? ತೀರ್ಪುಗಾರರು ನಿಮ್ಮ ಮನೆಗೆ ಬರೋಲ್ಲ. ಎದುರಿಂದ ತೆಗೆದ ಒಂದೇ ಒಂದು ಫೋಟೋ ಕಳಿಸಬೇಕು. ತಿಂಗಳುಗಟ್ಟಲೆ ಬೆಳೆಸಿದ ತೋಟದ ಹಣೆಬರಹ ಆ ಒಂದು ಕ್ಲಿಕ್ ಮೇಲೆ. ಹಾಗಾಗಿ ಫೋಟೋ ದಿನ ಮನೇಲಿ ಮದುವೆ ದಿಬ್ಬಣದ ಗಲಾಟೆ.

ಪೈಪು, ಹೀಟರ್, ಸಿಒಟು ಡಿಫ್ಯೂಸರ್ ಎಲ್ಲಾ ಹೊರಗೆ. ಗಾಜಿನ ಹಿಂದೆ ಬಿಳೀ ಹಾಳೆ, ಅದರ ಹಿಂದೆ ಇನ್ನೊಂದು ಲೈಟು. ಒಬ್ಬರು ಸ್ಟೂಲ್ ಹತ್ತಿ ಹೇರ್ ಡ್ರೈಯರಿಂದ ನೀರಿನ ಮೇಲೆ ಗಾಳಿ ಬಿಡೋದು (ಅಲೆ ಮಿನುಗಬೇಕಲ್ಲ!). ಇನ್ನೊಬ್ಬರು ಮೀನನ್ನ ಒಂದು ಕಡೆಗೆ ಅಟ್ಟೋದು. ಮಗು "ಅಪ್ಪಾ, ಮೀನಿಗೆ ತಲೆ ಒಣಗಿಸ್ತಿದ್ದೀಯಾ?" ಅಂತ ಕೇಳಿದ್ರೆ ಬೈಬೇಡಿ. ಪ್ರಶ್ನೆ ಸರಿಯಾಗೇ ಇದೆ.

ಮತ್ತೆ ಆ ಒಂದೂವರೆ ಅಡಿ ಆಳದಲ್ಲಿ ಮೈಲಿಗಟ್ಟಲೆ ಕಣಿವೆ ಹೇಗೆ ಕಾಣುತ್ತೆ? ಅದೂ ಕಿಲಾಡಿತನವೇ. ಮರಳಿನ ದಾರಿ ಮುಂದೆ ಅಂಗೈ ಅಗಲ, ಹಿಂದೆ ಹೋಗ್ತಾ ಬೆರಳಷ್ಟು. ಮುಂದೆ ದೊಡ್ಡ ಕಲ್ಲು, ಹಿಂದೆ ಹರಳು. ಎಲೆ ಕೂಡ ಹಾಗೇ, ಅಗಲದ್ದು ಮುಂದೆ, ಸಣ್ಣದು ಹಿಂದೆ. ಮೀನು ಚಿಕ್ಕದಾದಷ್ಟೂ ಗುಡ್ಡ ದೊಡ್ಡದು. ಅದಕ್ಕೇ ಗೆಲ್ಲೋ ತೊಟ್ಟಿಗಳಲ್ಲಿ ಗೋಲ್ಡ್ ಫಿಶ್ ಕಾಣೋಲ್ಲ. ಒಂದು ಗೋಲ್ಡ್ ಫಿಶ್ ಬಂದ್ರೆ ಹಿಮಾಲಯ ಹೋಗಿ ಮರಳುಗುಪ್ಪೆ.

ಇದೆಲ್ಲಾ ಜಪಾನಿನ ಮಾಯೆ ಅಂದುಕೊಂಡ್ರಾ? ನವರಾತ್ರೀಲಿ ನಿಮ್ಮಜ್ಜಿ ಗೊಂಬೆ ಕೂರಿಸಿ, ಮೆಟ್ಟಿಲ ಪಕ್ಕದಲ್ಲಿ ಪಾರ್ಕ್ ಮಾಡ್ತಿದ್ರಲ್ಲ, ಮರೆತ್ರಾ? ಹಬ್ಬಕ್ಕೆ ಮುಂಚೆಯೇ ಮಣ್ಣಿಗೆ ರಾಗಿ ಚೆಲ್ಲಿ ಹುಲ್ಲುಹಾಸು. ಮುಖ ನೋಡೋ ಕನ್ನಡಿ ಮಲಗಿಸಿ ಕೆರೆ. ಮಣ್ಣು ಗುಪ್ಪೆ ಹಾಕಿ ಬೆಟ್ಟ, ಬೆಟ್ಟದ ತುದೀಲಿ ಬೆರಳುದ್ದದ ಗುಡಿ, ಸುತ್ತಿ ಹತ್ತೋ ದಾರೀಲಿ ರಂಗೋಲಿ ಪುಡಿ.

ಅಜ್ಜಿಗೆ ಸ್ಫೂರ್ತಿ ಎಲ್ಲಿಂದ ಬಂತು? ಯಾವ ಆ್ಯಪಿಂದಲೂ ಅಲ್ಲ. ಚಾಮುಂಡಿ ಬೆಟ್ಟ ಹತ್ತಿ ಇಳಿದ ಕಾಲು, ನೋಡಿದ ಕಣ್ಣು. ಆ ಬೆಟ್ಟ ಯಾವ ಮಗ್ಗುಲಿಗೆ ಇಳಿಜಾರು, ದಾರಿ ಎಲ್ಲಿ ತಿರುಗುತ್ತೆ ಅನ್ನೋದು ಅವರಿಗೆ ಬಾಯಿಪಾಠ. ಜತೆಗೆ ಇನ್ನೊಂದು ಗುರಿ: ಎದುರುಮನೆಯೋರ ಪಾರ್ಕ್‌ಗಿಂತ ಒಂದು ಕೈ ಮೇಲಿರಬೇಕು. ನಿಮ್ಮ ಸ್ಪರ್ಧೆಯ ಚಟ ಯಾವ ಕಡೆಯ ರಕ್ತ ಅಂತ ಈಗ ಗೊತ್ತಾಯ್ತಾ?

ನೀವು ಮಾಡೋದು ಇದಲ್ಲ. ಹೋದ ವರ್ಷ ಗೆದ್ದ ಫೋಟೋ ಸೇವ್ ಮಾಡ್ತೀರಿ. ಅದರ ಮೇಲೆ ಗೆರೆ ಎಳೀತೀರಿ. ಸುವರ್ಣಾನುಪಾತ 1:1.618 ಅಂತ ಗೊಣಗ್ತಾ ಗಾಜಿಗೆ ಸೆಲ್ಲೋಟೇಪ್ ಅಂಟಿಸ್ತೀರಿ (ಆ ಟೇಪ್ ಇನ್ನೂ ಹಾಗೇ ಇದೆ, ನೋಡಿದೆ). ಆಮೇಲೆ ಅದೇ ಮರ, ಅದೇ ದಾರಿ, ಅದೇ ಗುಡ್ಡ ಕಟ್ಟೋಕೆ ಹೊರಟು, ಅದೇ ಆಕಾರದ ಬೊಡ್ಡೆ ಸಿಗಲಿಲ್ಲ ಅಂತ ಬೇಜಾರಾಗಿ ಕೂರ್ತೀರಿ.

ಸ್ವಲ್ಪ ಯೋಚನೆ ಮಾಡಿ. ಅಮಾನೊ ಕಾಡು ನೋಡಿ ತೊಟ್ಟಿ ಕಟ್ಟಿದರು. ಅವರ ತೊಟ್ಟಿ ನೋಡಿ ಇನ್ನೊಬ್ಬ ಕಟ್ಟಿದ. ಅವನ ಫೋಟೋ ನೋಡಿ ಮಗದೊಬ್ಬ. ಅದು ಕೈಯಿಂದ ಕೈಗೆ ಬಂದು ಈಗ ನಿಮ್ಮ ಮೊಬೈಲಿಗೆ ಬಿದ್ದಿದೆ. ನಿಮ್ಮ ಹತ್ತಿರ ಬರೋ ಹೊತ್ತಿಗೆ ಆ ಕಾಡಲ್ಲಿ ಕಾಡೇ ಉಳಿದಿಲ್ಲ.

ಹೀಗೆ ನಕಲಿನ ನಕಲು ಬೆಳೆದು ಈಗ ಎಲ್ಲಿಗೆ ಮುಟ್ಟಿದೆ ನೋಡಿ. ಅವತಾರ್ ಸಿನಿಮಾದ ತೇಲೋ ಬೆಟ್ಟಗಳು ತೊಟ್ಟಿಗೆ ಬಂದವು, ಸೂಪರ್ ಗ್ಲೂ ಹಾಕಿ ಅಂಟಿಸಿದ್ದು. ಪಂಪ್ ಇಟ್ಟು ಬಿಳೀ ಮರಳು ಸುರಿಸೋ ಜಲಪಾತ ಬಂತು. ನೀರೊಳಗೇ ಜಲಪಾತ! (ಕೈಚಳಕ ದೊಡ್ಡದೇ, ಒಪ್ಪಿದೆ. ನನ್ನನ್ನ ಕೇಳಿದ್ರೆ ಅದರಲ್ಲಿ ಮೀನಿಗಿಂತ ಫೆವಿಕಾಲ್ ಕಂಪನಿಗೆ ಜಾಸ್ತಿ ಸಂತೋಷ.)

ಸ್ಪರ್ಧೆಯೋರ ಅಂಕಪಟ್ಟಿ ನೋಡಿದ್ದೀರಾ? ನೂರಕ್ಕೆ ಐವತ್ತು ಅಂಕ, ಇದು ಮೀನು ಬಾಳೋ ಜಾಗದ ಹಾಗಿದೆಯಾ ಅನ್ನೋದಕ್ಕೇ ಇಟ್ಟಿದ್ದರು. ಕೌಶಲ, ನಿರ್ವಹಣೆ, ಸಹಜ ವಾತಾವರಣ, ಸಂಯೋಜನೆ ಮತ್ತು ಗಿಡಗಳ ಸಮತೋಲ, ಇವಕ್ಕೆಲ್ಲ ಹತ್ತತ್ತು. ಸ್ವಂತಿಕೆಗೂ ಹತ್ತು. (ಹತ್ತೇನಾ, ಹೋಗಲಿ ಬಿಡು ಅಂತ ಲೆಕ್ಕ ಹಾಕಿದ್ರಲ್ಲ? ಮುಖ ನೋಡಿದ್ರೇ ಗೊತ್ತಾಗುತ್ತೆ.)

ಡಚ್ಚರ ಸ್ಪರ್ಧೆ ಇನ್ನೂ ಖಡಕ್. ಅಮಾನೊಗಿಂತ ಎಷ್ಟೋ ಮೊದಲೇ ನೀರಿನ ತೋಟ ಬೆಳೆಸಿದೋರು ಅವರು. ಕಲ್ಲು ಬೊಡ್ಡೆಗಳ ಶೋಕಿ ಇಲ್ಲ, ಬರೀ ಗಿಡ, ಮಡಿಮಡಿಯಾಗಿ, ಸಾಲುಸಾಲಾಗಿ. ಅಲ್ಲಿ ತೀರ್ಪುಗಾರರು ಮನೆಗೇ ಬರ್ತಾರೆ, ನೀರು ಪರೀಕ್ಷೆ ಮಾಡ್ತಾರೆ, ಮೀನು ಆರೋಗ್ಯವಾಗಿದೆಯಾ ಅಂತ ಕೂತು ನೋಡ್ತಾರೆ. ಹೇರ್ ಡ್ರೈಯರ್ ಆಟ ನಡೆಯೋಲ್ಲ. (ಅದು ಇಲ್ಲಿಗೆ ಬಂದ್ರೆ ಫಜೀತಿ. ಹಾಲ್ ಗುಡಿಸಬೇಕು, ಉಪ್ಪಿಟ್ಟು ಕಾಫಿ ಆಗಬೇಕು, ಉಪ್ಪಿಟ್ಟು ಗಂಟಾದ್ರೆ ಅಂಕ ಹೋಯ್ತು.)

ಈಗ ಒಂದು ಪ್ರಶ್ನೆ. ಹೋದ ರಜೇಲಿ ಶೃಂಗೇರಿಗೆ ಹೋಗಿದ್ರಿ ತಾನೇ? ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಎಸೆದ್ರಿ, "ಅಬ್ಬಬ್ಬಾ ಎಷ್ಟು ದೊಡ್ಡದು" ಅಂದ್ರಿ, ಊಟದ ಕ್ಯೂಗೆ ಓಡಿದ್ರಿ. ಆಗುಂಬೆ ಘಾಟಿ ಇಳಿಯೋವಾಗ ರಸ್ತೆ ಪಕ್ಕದ ಝರಿ ಹತ್ತಿರ ಕಾರು ನಿಲ್ಲಿಸಿದ್ರಿ. ನಿಲ್ಲಿಸಿದ್ದು ಚುರುಮುರಿ ತಿನ್ನೋಕೆ.

ಆ ಝರೀಲಿ ಕಲ್ಲು ಹೇಗೆ ಕೂತಿದ್ವು? ದೊಡ್ಡದು ಎತ್ತ ವಾಲಿತ್ತು? ಅದರ ಹಿಂದಿನ ಮರೆಯಲ್ಲಿ ಮರಳು ನಿಂತಿತ್ತಾ? ಆ ಮರಳಲ್ಲಿ ಬೇರು ಬಿಟ್ಟ ಗಿಡ ಯಾವುದು? ನೀರು ಸಿಡಿಯೋ ಮಗ್ಗುಲಲ್ಲಿ ಹಾವಸೆ ದಟ್ಟ, ಬಿಸಿಲು ಬೀಳೋ ನೆತ್ತಿ ಬೋಳು, ಗಮನಿಸಿದ್ರಾ? ಇಲ್ಲ. ಚುರುಮುರಿಗೆ ಈರುಳ್ಳಿ ಕಮ್ಮಿ ಅಂತ ಮಾತ್ರ ಇವತ್ತಿಗೂ ನೆನಪಿದೆ.

ಅದೇ ಮನೆಗೆ ಬಂದು ಇವಾಗುಮಿ ಶೈಲಿಯ ನಿಯಮ ಉರು ಹೊಡೀತೀರಿ. ಕಲ್ಲು, ಹುಲ್ಲುಹಾಸು, ಒಂದೇ ಜಾತಿ ಮೀನಿನ ಹಿಂಡು, ಅಷ್ಟೇ. ಕಲ್ಲು ಮೂರೋ ಐದೋ ಏಳೋ, ಬೆಸವಾಗೇ ಇರಬೇಕು. ದೊಡ್ಡದು ಓಯಾಇಶಿ, ಅದನ್ನ ನಟ್ಟನಡುವೆ ಇಡಂಗಿಲ್ಲ. ಎಲ್ಲಾ ಒಂದೇ ಬಗೆ ಕಲ್ಲು, ಮೈಮೇಲಿನ ಗೆರೆಗಳು ಒಂದೇ ದಿಕ್ಕಿಗೆ, ವಾಲೋದೂ ಹರಿವಿನ ಕಡೆಗೇ.

ಯಾಕೆ ಅಂತ ಕೇಳಿದ್ರಾ ಯಾವತ್ತಾದ್ರೂ? ಒಂದೇ ಹೊಳೇಲಿ ಒಂದೇ ಪ್ರವಾಹ ಉರುಳಿಸಿದ ಕಲ್ಲುಗಳು ಹಾಗೇ ಕೂರ್ತಾವೆ, ಅದಕ್ಕೆ. ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ವಾಲಿದ್ರೆ ಹೊಳೆ ಕಾಣೋಲ್ಲ, ಲಾರಿಯಿಂದ ಸುರಿದಂಗೆ ಕಾಣುತ್ತೆ. ನಿಯಮಗಳ ಪುಸ್ತಕಕ್ಕೆ ನೀವು ದುಡ್ಡು ಕೊಟ್ರಿ. ಝರಿ ಇದೇ ಪಾಠಾನ ಬಿಟ್ಟಿ ಹೇಳ್ತಿತ್ತು.

ಗಿಡದ ಕತೆ ಕೇಳಿದ್ರೆ ಇನ್ನೂ ನಗು. ಯಾವುದೋ ಲ್ಯಾಬಿನಿಂದ ಪ್ಲಾಸ್ಟಿಕ್ ಕಪ್ಪಲ್ಲಿ ಬರೋ ಕೆಂಪು ಕೆಂಪು ರೋಟಾಲಾ ಮಕ್ರಾಂಡ್ರಾನ ಎಷ್ಟು ಭಕ್ತಿಯಿಂದ ನೆಟ್ರಿ! ಅದರ ತವರು ನಮ್ಮ ಪಶ್ಚಿಮ ಘಟ್ಟ. ಲಾಗೆನಾಂಡ್ರಾ ಮೀಬೋಲ್ಡಿ ಅಂತ ಲೇಬಲ್ ನೋಡಿ ಪುಳಕಗೊಂಡ್ರಲ್ಲ, ಅದೂ ಇಲ್ಲಿಯದೇ. ಕ್ರಿಪ್ಟೊಕೊರೈನ್‌ಗಳಲ್ಲೂ ಕೆಲವು ಘಟ್ಟದ ಹಳ್ಳಗಳಲ್ಲೇ ಬೆಳೆಯೋವು. ಗಂಡಿಗೆ ಪರಸ್ಥಳದ ಹೆಣ್ಣು ಹುಡುಕಿದಂಗೆ ಹುಡುಕಿ ತಂದ್ರಿ, ನೋಡಿದ್ರೆ ಹಿತ್ತಲ ಗಿಡ.

ಅಲ್ಲೇ ನಿಲ್ಲಿ! ಗುದ್ದಲಿ ಎಲ್ಲಿಗೆ ತಗೊಂಡು ಹೊರಟ್ರಿ? ಘಟ್ಟಕ್ಕೆ ಹೋಗಿ ಕಿತ್ತು ತನ್ನಿ ಅಂತ ನಾನು ಹೇಳಲಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಗಿಡ, ಕಲ್ಲು, ಮೀನು ಎತ್ತೋದು ಅಪರಾಧ. ಕೆಂಪು ಪಟ್ಟೆಯ ಡೆನಿಸನ್ ಬಾರ್ಬ್ ಮೀನು, ಮಿಸ್ ಕೇರಳ ಅಂತೀರಲ್ಲ, ಅದರ ಶಾಸ್ತ್ರೀಯ ಹೆಸರಲ್ಲೇ ಸಹ್ಯಾದ್ರಿ ಇದೆ: ಸಹ್ಯಾದ್ರಿಯಾ ಡೆನಿಸೋನಿ. ಅಲಂಕಾರದ ತೊಟ್ಟಿಗೆ ಅಂತ ಹಿಡಿದೂ ಹಿಡಿದೂ ಅಳಿವಿನಂಚಿನ ಪಟ್ಟಿ ಸೇರಿದೆ. ಬೇಕೇಬೇಕು ಅಂದ್ರೆ, ಕಾನೂನು ಒಪ್ಪಿದ್ರೆ ಮಾತ್ರ, ಫಾರ್ಮ್‌ನಲ್ಲಿ ಮರಿ ಮಾಡಿಸಿದ್ದು ತನ್ನಿ. ಅದನ್ನೂ ಎರಡಡಿ ತೊಟ್ಟಿಗೆ ತುರುಕಬೇಡಿ, ಐದಾರು ಇಂಚು ಬೆಳೆದು ಓಡಾಡೋ ಮೀನದು.

ಕಣ್ಣು ಮಾತ್ರ ತಗೊಂಡು ಹೋಗಿ, ಒಂದು ನೋಟ್‌ಬುಕ್ ಜತೆಗಿರಲಿ. ಝರಿ ಮುಂದೆ ಕಾಲು ಗಂಟೆ ಕೂತು ಪೆನ್ಸಿಲಲ್ಲಿ ಗೀಚಿ. ಚಿತ್ರ ಬರೆಯೋಕೆ ಬರೋಲ್ಲ ಅಂತೀರಾ? ಒಳ್ಳೇದೇ ಆಯ್ತು. ಬರದೇ ಇದ್ದೋರೇ ಜಾಸ್ತಿ ಹೊತ್ತು ನೋಡೋದು.

ಘಟ್ಟ ದೂರ ಅಂದ್ರೆ ರಾಮನಗರ ಇದೆಯಲ್ಲ, ಬೆಂಗಳೂರಿಂದ ಒಂದು ಗಂಟೆ ದಾರಿ. ಶೋಲೆ ಚಿತ್ರದ ಗಬ್ಬರ್ ಕೂತ ಬಂಡೆಗಳು. ಬಂಡೆ ಮೇಲೆ ಬಂಡೆ, ಸೀಳಿನಲ್ಲಿ ಸಿಕ್ಕಿಕೊಂಡ ಪೊದೆ, ಬುಡದಲ್ಲಿ ಉದುರಿದ ಚೂರುಗಳ ರಾಶಿ. ಹಂಪೆಗೆ ಹೋದ್ರೆ ಕಣ್ಣು ಸಾಲದು. ಜಗತ್ತಿನ ತೊಟ್ಟಿಗಳ ತುಂಬಾ ಚೀನಾದ ಚಾಂಗ್‌ಚಿಯಾಚಿಯೆ ಕಂಬ ಬೆಟ್ಟಗಳು ತುಂಬಿಕೊಂಡಿರುವಾಗ, ಒಂದು ಗುಂಡುಬಂಡೆಯ ಬೆಟ್ಟ ಎದ್ದರೆ ತೀರ್ಪುಗಾರರು ಕಣ್ಣುಜ್ಜಿ ನೋಡ್ತಾರೋ ಇಲ್ವೋ?

ಇದರಲ್ಲಿ ಇನ್ನೊಂದು ಲಾಭ ಇದೆ. ನೀವು ತಕ್ಕಡೀಲಿ ತೂಗಿಸಿ ತಂದ ಸೆರ್ಯು ಕಲ್ಲಲ್ಲಿ ಸುಣ್ಣದ ಅಂಶ ಇರುತ್ತೆ, ನೀರನ್ನ ಗಡಸು ಮಾಡುತ್ತೆ. ಮೊದಲೇ ನಿಮ್ಮದು ಬೋರ್‌ವೆಲ್ ನೀರು, ಅದರ ಮೇಲೆ ಇದೊಂದು ಒಗ್ಗರಣೆ. ನಮ್ಮ ಕಣಶಿಲೆ, ಅಂದ್ರೆ ಗ್ರಾನೈಟು, ನೀರಿಗೆ ಏನೂ ಮಾಡೋಲ್ಲ. ಅನುಮಾನ ಬಂದ್ರೆ ಯಾವ ಕಲ್ಲಿಗಾದ್ರೂ ನಾಕು ಹನಿ ವಿನೆಗರ್ ಬಿಡಿ. ಬುಸಬುಸ ನೊರೆ ಬಂದ್ರೆ ಸುಣ್ಣ. (ಬಂಡೆಯನ್ನ ಬೆಟ್ಟದಿಂದ ಎತ್ತಬೇಡಿ ಮಾರಾಯ್ರೆ. ಮನೆ ಕಟ್ಟೋರ ಮುಂದೆ ಸುರಿದ ರಾಶಿ ಇರುತ್ತೆ. ಕೇಳಿ ತಗೊಳ್ಳಿ.)

ಇಷ್ಟೆಲ್ಲಾ ಕೇಳಿ ಈಗ ನಿಮಗೆ ಸ್ಫೂರ್ತಿ ಉಕ್ಕಿ ಬಂತು, ನಾಳೇನೇ ನೀರು ತುಂಬಿಸ್ತೀರಿ. ಆಮೇಲಿನ ಕತೆ ನಾನು ಹೇಳ್ತೀನಿ. ಕೆಲವೇ ವಾರದಲ್ಲಿ ಕಂದು ಪಾಚಿ ಬರುತ್ತೆ. ಹೊಸ ತೊಟ್ಟಿಗೆ ಅದು ಬರೋದೇ, ಬಂದು ಹೋಗೋದೇ. ಹೊಸದಾಗಿ ನೆಟ್ಟ ಕ್ರಿಪ್ಟೊಕೊರೈನ್ ಎಲೆಯೆಲ್ಲಾ ಕೊಳೆತು ಕರಗುತ್ತೆ. ನೀವು "ಸತ್ತೇ ಹೋಯ್ತು" ಅಂತ ಕಿತ್ತೆಸೀತೀರಿ. ಬೇರು ಬದುಕಿರುತ್ತೆ, ಸುಮ್ನೆ ಬಿಟ್ಟಿದ್ರೆ ಮತ್ತೆ ಚಿಗುರ್ತಿತ್ತು.

ಮತ್ತೆ ಆ ಲೈಟು. ಎಂಟು ಗಂಟೆ ಸಾಕು ಅಂದ್ರೆ ಕೇಳ್ತೀರಾ? ನೆಂಟರು ಬಂದ್ರೆ ಆನ್, ಫೋಟೋ ತೆಗೆಯೋಕೆ ಆನ್, ಸುಮ್ನೆ ಖುಷಿಗೆ ಆನ್. ಬೆಳಕು ಜಾಸ್ತಿಯಾಗಿ, ಅದಕ್ಕೆ ತಕ್ಕ ಸಿಒಟುವೂ ಗೊಬ್ಬರವೂ ಇಲ್ಲದಿದ್ರೆ ಬೆಳೆಯೋದು ಗಿಡವಲ್ಲ, ಪಾಚಿ. ಆಗ ಸಿಒಟು ನಾಬ್ ತಿರುಗಿಸಿ ಜೋರು ಮಾಡ್ತೀರಿ. ಸಿಒಟು ಮಟ್ಟ ತೋರಿಸೋ ಡ್ರಾಪ್ ಚೆಕರ್ ಹಸಿರಿದ್ರೆ ಸರಿ, ನೀಲಿಯಾದ್ರೆ ಕಮ್ಮಿ. ಹಳದಿಗೆ ತಿರುಗಿದ್ರೆ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ. ನಿಮ್ಮದು ಸದಾ ಹಳದಿ. ಆತುರದ ಬಣ್ಣ ಅದು.

ವಾರಕ್ಕೊಮ್ಮೆ ಅರ್ಧ ನೀರು ತೆಗೆದು ಹೊಸದು ಹಾಕೋದು, ಕತ್ತರಿ ಹಿಡಿದು ಹುಲ್ಲು ಕತ್ತರಿಸೋದು, ಗಾಜು ಉಜ್ಜೋದು. ಗೆಲ್ಲೋರು ತಪ್ಪದೇ ಮಾಡೋ ಕೆಲಸ ಇದೇ. ಕಾವೇರಿ ನೀರಾದ್ರೆ ಕ್ಲೋರಿನ್ ತೆಗೆಯೋ ಔಷಧಿ ಮರೀಬೇಡಿ. ಇದರಲ್ಲಿ ಸ್ಫೂರ್ತಿ ಎಲ್ಲಿ ಅಂತ ಕೇಳಿದ್ರಾ? ಒದ್ದೆ ತೋಳಲ್ಲಿ ತೊಟ್ಟಿ ಮುಂದೆ ಮಂಡಿಯೂರಿದಾಗಲೇ ಯಾವ ಗಿಡ ಯಾವ ಕಡೆ ಬಾಗ್ತಿದೆ ಅಂತ ಕಾಣೋದು. ಮೊದಲು ಹಾಕಿದ ಪ್ಲಾನ್ ಪೂರ್ತಿ ಬದಲಾಗೋದೂ ಆವಾಗಲೇ.

ಏನು, ಮತ್ತೆ ಮೊಬೈಲ್ ತೆಗೆದ್ರಾ? "ಇನ್ನೊಂದೇ ಒಂದು ವೀಡಿಯೋ" ಅಂತ? ನೋಡಿ, ನೋಡಿ. ಒಂದೇ ಮಾತು ಹೇಳಿ ಎದ್ದುಬಿಡ್ತೀನಿ. ಐಎಪಿಎಲ್‌ಸಿಗೆ ಫೋಟೋ ಕಳಿಸೋ ಕೊನೇ ದಿನ ಸಾಮಾನ್ಯವಾಗಿ ಮೇ 31. ಪಾಚಿ ಕಳೆದು, ಗಿಡ ಕೂಡಿಕೊಂಡು, ಫೋಟೋಗೆ ನಿಲ್ಲೋವಷ್ಟು ತುಂಬೋಕೆ ಕನಿಷ್ಠ ಮೂರ್ನಾಲ್ಕು ತಿಂಗಳು ಬೇಕು. ಕ್ಯಾಲೆಂಡರ್ ನಿಮ್ಮ ಫ್ರಿಜ್ ಪಕ್ಕದಲ್ಲೇ ಇದೆ, ಲೆಕ್ಕ ನೀವೇ ಹಾಕಿ.